ಸಾಂಬ್ರಾಣಿ ಹಿಡಿದ ಕ್ಯಾಮೆರಾ

"ಕ್ಯಾಮೆರಾ ಮೂಸೋದೂ ಒಂದು ಕೆಲ್ಸಾನೇನ್ರೀ?" ಎಂದು ನಮ್ಮ ಬೀಗಿತ್ತಿ ಮದುವೆ ಮಾತುಕತೆಯ ದಿನವೇ ಕೇಳಿದ್ದರು. ಹೌದು ಕಣಮ್ಮ, ಆ ಮೂಗಿನ ದುಡಿಮೆಯಲ್ಲೇ ನಿಮ್ಮ ಸೊಸೆ ಓದಿದ್ದು ಎಂದು ನಾನೂ ಅಲ್ಲೇ ಹೇಳಿಬಿಟ್ಟೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ, ಮಂಡಿನೋವು ಬಂದರೂ ಅದಕ್ಕೇನೂ ಬಂದಿಲ್ಲ. ತುಮಕೂರಿನ ಎಂ.ಜಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿ ಮಹದೇವಣ್ಣನವರ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಅಂಗಡಿ. ಬರುವ ಹಳೆಯ ಕ್ಯಾಮೆರಾ, ಲೆನ್ಸು, ಬ್ಯಾಗುಗಳಿಂದ ಕೆಟ್ಟ ವಾಸನೆ ತೆಗೆಯುವುದು ನನ್ನ ಕೆಲಸ. ವಯಸ್ಸೆಲ್ಲ ಅಲ್ಲೇ ಕಳೆದು ಈಗ ಮನೆಯಲ್ಲಿ ಕೂತಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿಯರು "ಸರೋಜಮ್ಮ, ನಿಮ್ಗೆ ಗೊತ್ತಿರೋದೆಲ್ಲ ಬರ್ದುಕೊಡಿ" ಎಂದು ಗಂಟುಬಿದ್ದರು. ಬರೆಯುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ ನಿಟ್ಟೂರಿನ ಪುಷ್ಪಳ ವಿಷಯ ಬರೆಯಬೇಕು. ಒಂದು ಕ್ಯಾಮೆರಾದ ವಾಸನೆ ಹೋಗದಿದ್ದರೆ ಆ ಹೆಣ್ಣುಮಗಳ ಕಸುಬೇ ಹೋಗುತ್ತಿತ್ತು.

ಮೊದಲು ಕೆಲಸ ಎಂಥದ್ದು ಎಂದು ಹೇಳುತ್ತೇನೆ. ಹಳೆಯ ಕ್ಯಾಮೆರಾ ಕೊಳ್ಳುವವರು ಎಲ್ಲವನ್ನೂ ಕೇಳುತ್ತಾರೆ. ಗಾಜಿನ ಮೇಲೆ ಗೀರಿದೆಯಾ, ಬ್ಯಾಟರಿ ನಿಲ್ಲುತ್ತಾ, ಬಿಲ್ ಇದೆಯಾ ಎಂದು ಜೀವ ತಿನ್ನುತ್ತಾರೆ. ಮೊಬೈಲಿಗೆ ಫೋಟೊ ತರಿಸಿಕೊಂಡು ದೊಡ್ಡದು ಮಾಡಿ ನೋಡುತ್ತಾರೆ. ವಾಸನೆ ಮಾತ್ರ ಫೋಟೊದಲ್ಲಿ ಬರುವುದಿಲ್ಲವಲ್ಲ. ಮನೆಗೆ ಒಯ್ದು ಕಣ್ಣಿಗಿಟ್ಟುಕೊಂಡಾಗ ಕ್ಯಾಮೆರಾದ ಬೆನ್ನು ನೇರ ಮೂಗಿಗೆ ಬಂದು ಕೂರುತ್ತದೆ, ಆಗ ಗೊತ್ತಾಗುತ್ತದೆ. ಮದುವೆ ಫೋಟೊ ತೆಗೆಯುವವರು ಆರತಕ್ಷತೆಯಿಂದ ಹಿಡಿದು ಮುಹೂರ್ತ, ಊಟ ಮುಗಿಯುವ ತನಕ ಅದರ ಜೊತೆಯಲ್ಲೇ ಉಸಿರಾಡಬೇಕು.

ನಮ್ಮ ಅಂಗಡಿಗೆ ಒಂದು ಕ್ಯಾಮೆರಾ ಬಂತೆಂದರೆ ಮಹದೇವಣ್ಣ ಅದರ ಸ್ಕ್ರೂ ಮುಟ್ಟುತ್ತಿರಲಿಲ್ಲ. ನನ್ನ ಕೈಗೆ ಕೊಟ್ಟು, "ಸರೋಜ, ಇದು ಎಂಥಾ ಮನೇಲಿತ್ತು ಹೇಳು" ಎನ್ನುತ್ತಿದ್ದರು. ಬೀಡಿ ಸೇದುವ ಮನೆಯೋ, ಸೀರೆಯ ಬೀರುವಿನ ನುಸಿಗುಳಿಗೆಯೋ, ಇಲಿ ಓಡಾಡಿದ್ದೋ, ಬೂಷ್ಟು ಹಿಡಿದದ್ದೋ ನಾನು ಹೇಳಬೇಕು. ಅದು ಗೊತ್ತಾಗದೆ ಒರೆಸುವ ಬಟ್ಟೆ ಕೈಗೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಗಿರಾಕಿಗಳೆದುರು ನನ್ನನ್ನು ತೋರಿಸಿ, "ಇವ್ರು ಆಗ್ಲಿ ಅಂದ್ರೆ ಮಾರ್ತೀನಿ, ಬೇಡ ಅಂದ್ರೆ ಇಲ್ಲ" ಎನ್ನುತ್ತಿದ್ದರು. ಕಸ ಗುಡಿಸಲು ಬಂದ ಹೆಂಗಸನ್ನು ಮೇಜಿನ ಮುಂದೆ ಕೂರಿಸಿ, ಅಂಗಡಿಯ ಮರ್ಯಾದೆಯನ್ನೇ ಕೈಗೆ ಕೊಟ್ಟ ಮನುಷ್ಯ. ಹಣೆ ತುಂಬ ವಿಭೂತಿ, ಎದೆಯ ಜೇಬಿನಲ್ಲಿ ಚಿಕ್ಕ ಸ್ಕ್ರೂಡ್ರೈವರು, ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ. ಅಂಥವರ ಕೈಕೆಳಗೆ ಕೆಲಸ ಮಾಡಿದ್ದು ನನ್ನ ಪುಣ್ಯ ಎಂದು ನಾನು ಯಾರೆದುರು ಬೇಕಾದರೂ ಹೇಳುತ್ತೇನೆ.

ಅವರೂ ತಪ್ಪು ಮಾಡಿದವರೇ. ನಾನು ಸೇರುವ ಮುಂಚೆ ಬೀಡಿ ವಾಸನೆಯ ಒಂದು ಕ್ಯಾಮೆರಾಗೆ ಮಲ್ಲಿಗೆ ಸೆಂಟು ಹೊಡೆದು ಕುಣಿಗಲ್ಲಿನ ಫೋಟೊಗ್ರಾಫರ್ ಒಬ್ಬನಿಗೆ ಮಾರಿದ್ದರಂತೆ. ಆತ ಸ್ವಲ್ಪ ದಿನಕ್ಕೇ ವಾಪಸ್ ಬಂದು, "ಅಣ್ಣಾ, ಇದ್ನ ಮುಖಕ್ಕಿಟ್ರೆ ಯಾರೋ ಹೂ ಮುಡ್ಕೊಂಡು ಬೀಡಿ ಸೇದ್ದಂಗಾಯ್ತದೆ. ನಮ್ಮನೆಯವ್ಳು ದಿನಾ ನನ್ನ ಅಂಗಿ ಮೂಸ್ತಾವ್ಳೆ" ಎಂದನಂತೆ. ಮಹದೇವಣ್ಣ ಇದನ್ನು ತಾವೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ನಕ್ಕ ಮೇಲೆ ನನ್ನ ಕಡೆ ತಿರುಗಿ, "ಒಂದು ವಾಸ್ನೆ ಮೇಲೆ ಇನ್ನೊಂದು ಹೊದಿಸ್ಬೇಡ, ಇದ್ದದ್ದನ್ನ ತೆಗಿ" ಎನ್ನುತ್ತಿದ್ದರು. ಹುಡುಗಿಯರಾ, ರೂಮ್ ಸ್ಪ್ರೇ ಬಾಟಲಿಯನ್ನು ಅಂಗಡಿಯ ಒಳಗೇ ತರಬೇಡಿ.

ಗುಬ್ಬಿ ಕಡೆಯಿಂದ ಬಂದ ಕ್ಯಾಮೆರಾ ಎಂದರೆ ನಾನು ಮೊದಲು ಬ್ಯಾಗನ್ನು ಮೂಸುತ್ತಿದ್ದೆ. ತೆಂಗಿನ ತೋಟದ ಮನೆಗಳಲ್ಲಿ ಮಕ್ಕಳ ಕೈಗೆ ಸಿಗದ ಜಾಗ ಎಂದರೆ ಅಟ್ಟ. ಅದೇ ಅಟ್ಟದ ಮೇಲೆ ಕಾಯಿ ಕೊಬ್ಬರಿಯಾಗುತ್ತಾ ಬಿದ್ದಿರುತ್ತದೆ. ಅದರ ಪಕ್ಕ ಮಳೆಗಾಲ, ಚಳಿಗಾಲ ಕಳೆದ ಬ್ಯಾಗಿನ ಸ್ಪಂಜು ಎಣ್ಣೆಯ ಕಮಟು ಕುಡಿದುಬಿಟ್ಟಿರುತ್ತದೆ. "ನಮ್ಗೇನೂ ವಾಸ್ನೇನೇ ಬರಲ್ವಲ್ಲಮ್ಮ" ಎಂದು ಒಬ್ಬ ಗೌಡರು ವಾದಕ್ಕೇ ನಿಂತಿದ್ದರು. "ನಿಮ್ಮನೆ ವಾಸ್ನೆ ನಿಮ್ಗೆ ಹೆಂಗ್ ಬಂದಾತು ಗೌಡ್ರೇ, ಅದ್ರೊಳಗೇ ಮಲಗೆದ್ದೋರು ನೀವು" ಎಂದೆ. ಅವರು ಮುಖ ಊದಿಸಿಕೊಂಡರು, ಮಹದೇವಣ್ಣ ಕೆಮ್ಮುವ ಹಾಗೆ ಮಾಡಿ ನಗು ನುಂಗಿಕೊಂಡರು. ಅಂಥ ಕ್ಯಾಮೆರಾವನ್ನು ಸರಿಮಾಡಬಹುದು, ಬೆಲ್ಟನ್ನು ಸೋಪಿನ ನೀರಿನಲ್ಲಿ ನೆನೆಸಿ ಒಗೆಯಬಹುದು. ಸ್ಪಂಜಿನ ಬ್ಯಾಗ್ ಮಾತ್ರ ಎಸೆಯಲೇಬೇಕು, ಅದಕ್ಕೆ ಮದ್ದಿಲ್ಲ.

ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ ಮದುವೆಗೆ ಮುಂಚಿನ ಜೋಡಿ ಫೋಟೊ ತೆಗೆಯುವುದು ಶುರುವಾದ ಮೇಲೆ ನೀರು ಕುಡಿದ ಕ್ಯಾಮೆರಾಗಳೂ ಬರತೊಡಗಿದವು. ನೀರಿಗೆ ಬಿದ್ದದ್ದನ್ನು ಮನೆಯವರು ಅಕ್ಕಿ ಡಬ್ಬಿಯಲ್ಲಿ, ಇಲ್ಲವೇ ರಾಗಿಯಲ್ಲಿ ಹೂತಿಡುತ್ತಾರೆ. ರಾಗಿಯ ಧೂಳು ಲೆನ್ಸಿನೊಳಗೆ ಸೇರಿ, ಪಸೆಗೆ ಬೂಷ್ಟು ಬಂದು, ಹಳಸಿದ ಹಿಟ್ಟಿನ ನಾತ ಹೊಡೆಯುತ್ತದೆ. ಒಬ್ಬಾತ ಕ್ಯಾಮೆರಾ ಕೊಟ್ಟು, "ನಮ್ಮಜ್ಜಿ ಹೇಳ್ತು, ರಾಗಿ ಎಲ್ಲಾನೂ ಎಳ್ಕೊಂಬುಡ್ತದೆ ಅಂತ" ಎಂದ. ಬಿಚ್ಚಿದರೆ ಒಳಗೆ ಒಂದು ಕಾಳು ಮೊಳಕೆ ಬಿಟ್ಟಿತ್ತು. ಮಹದೇವಣ್ಣ ಅದನ್ನು ಚಿಮುಟದಲ್ಲಿ ಹಿಡಿದು, "ಅಜ್ಜಿಗೆ ಕೊಡಪ್ಪ, ಬಿತ್ತನೆಗಾಗ್ತದೆ" ಎಂದರು.

ನಾನು ಸೇರಿದಾಗ ಬೇವಿನ ಸೊಪ್ಪು, ಪೇಪರು, ಬಿಸಿಲು, ಇಷ್ಟೇ ನಮ್ಮ ಮದ್ದು. ಬಿಸಿಲಿಗೆ ರಬ್ಬರು ಬಿರುಕು ಬಿಡುತ್ತಿತ್ತು. ಆಮೇಲೆ ಮಹದೇವಣ್ಣ ತೆಂಗಿನ ಚಿಪ್ಪಿನ ಇದ್ದಿಲು ಹಿಡಿದರು. ಇದ್ದಿಲಿನ ಪುಡಿ ಉದುರದ ಹಾಗೆ ಹಳೆಯ ಪಂಚೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕ್ಯಾಮೆರಾದ ಜೊತೆ ಇಟ್ಟರೆ ಅದು ನಿಧಾನಕ್ಕೆ ವಾಸನೆ ಎಳೆದುಕೊಳ್ಳುತ್ತದೆ. ನಮ್ಮ ಜಿಲ್ಲೆಯಲ್ಲಿ ಚಿಪ್ಪಿಗೇನು ಬರ. ಈಗ ಅಂಗಡಿಗೆ ವಾಸನೆ ಕೊಲ್ಲುವ ಗಾಳಿ ಬಿಡುವ ಓಜೋನ್ ಮೆಷಿನ್ ತಂದಿದ್ದಾರೆ, ಬೇಗ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಅದೂ ರಬ್ಬರನ್ನು ತಿನ್ನುತ್ತದೆ, ನೋಡಿಕೊಂಡು ಬಳಸಿ. ಬೇಗ ಆಗಬೇಕು ಎನ್ನುವವರಿಗೆಲ್ಲ ಬೇಗ ಮಾಡಿಕೊಡಲು ನಾವೇನು ದರ್ಶಿನಿ ಹೋಟೆಲ್ಲೇ?

ಪುಷ್ಪಳೂ ಬೇಗ ಆಗಬೇಕು ಎಂದೇ ಬಂದವಳು. ನಿಟ್ಟೂರಿನಿಂದ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆಯುವ ಮುಂಚೆಯೇ ಕ್ಯಾಮೆರಾ ಮೇಜಿನ ಮೇಲಿಟ್ಟಳು. ನಾನು ಬಗ್ಗುವುದೇ ಬೇಕಿರಲಿಲ್ಲ. ಸಾಂಬ್ರಾಣಿ ಗಮ್ ಎಂದಿತು.

"ದೇವ್ರ ಮನೆ ವಾಸ್ನೆ ಕಣವ್ವ, ಇದು ಯಾರಿಗೆ ಕೆಟ್ಟದ್ದಾಯ್ತು?" ಎಂದು ನಗಾಡಿದೆ.

ಅವಳು ಹೆಲ್ಮೆಟ್ ತೆಗೆದಿಟ್ಟಳು. ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟುಕೊಂಡು ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಎದೆ ಸುಯ್ ಸುಯ್ ಎನ್ನತೊಡಗಿತು, ಭುಜ ಮೇಲೆದ್ದವು, ತುಟಿ ಬಿಳುಚಿತು. ಕೆಳಗಿಟ್ಟು ಪರ್ಸಿನಿಂದ ಇನ್ಹೇಲರ್ ತೆಗೆದು ಎಳೆದುಕೊಂಡಳು. ನನ್ನ ನಗು ಬಾಯಲ್ಲೇ ಒಣಗಿತು. ಮಹದೇವಣ್ಣ ಸ್ಟೂಲ್ ಎಳೆದು ಅವಳನ್ನು ಕೂರಿಸಿ ನೀರು ಕೊಟ್ಟರು.

ಉಸಿರು ಹತೋಟಿಗೆ ಬಂದ ಮೇಲೆ ಹೇಳಿದಳು. ಕ್ಯಾಮೆರಾ ಗುಬ್ಬಿಯಲ್ಲಿ ಸ್ಟುಡಿಯೊ ಇಟ್ಟಿರುವ ಚಂದ್ರಪ್ಪನವರದು. ಅವಳು ಅವರನ್ನು ಮೇಷ್ಟ್ರು ಎನ್ನುತ್ತಾಳೆ. ಮದುವೆ ಮನೆಗಳಲ್ಲಿ ಅವರಿಗೆ ಲೈಟ್ ಹಿಡಿದು ಹಿಡಿದು ಕೆಲಸ ಕಲಿತವಳು. ಚಂದ್ರಪ್ಪನವರು ಆಯುಧಪೂಜೆಗೆ ಮಾತ್ರವಲ್ಲ, ಪ್ರತಿ ಸಲ ಕ್ಯಾಮೆರಾ ಹೊರಗೆ ಹೊರಟಾಗಲೂ ಅದಕ್ಕೆ ಸಾಂಬ್ರಾಣಿ ಹೊಗೆ ತೋರಿಸಿಯೇ ಹೊಸಿಲು ದಾಟಿಸುವವರು. ಈಗ ಅವರ ಕಣ್ಣಿಗೆ ಪೊರೆ ಬಂದು ಕ್ಯಾಮೆರಾವನ್ನು ಇವಳಿಗೇ ಮಾರಿದ್ದಾರೆ. ಕುಣಿಗಲ್ಲಿನಲ್ಲಿ ಒಪ್ಪಿಕೊಂಡಿದ್ದ, ಸದ್ಯದಲ್ಲೇ ಇರುವ ಒಂದು ಮದುವೆಯನ್ನೂ ಇವಳಿಗೇ ಬಿಟ್ಟು, "ನೀನೇ ಮಾಡು, ನಾನು ಕೂತ್ಕೊಂಡು ನೋಡ್ತೀನಿ. ಚೆನ್ನಾಗಾದ್ರೆ ಸ್ಟುಡಿಯೋನೂ ನೀನೇ ನಡೆಸು" ಎಂದಿದ್ದಾರೆ. ಆಗದಿದ್ದರೆ ಸ್ಟುಡಿಯೊ ವಹಿಸಿಕೊಳ್ಳಲು ಅವರ ತಂಗಿಯ ಮಗ ಕಾದು ಕೂತಿದ್ದಾನೆ.

"ಹಿಂದ್ಗಡೆ ಸ್ಕ್ರೀನ್ ನೋಡ್ಕೊಂಡು ತೆಗಿ, ಮೂಗಿಂದ ದೂರ ಇರ್ತದೆ" ಎಂದೆ.

"ಅದು ಸೆಲ್ಫಿ ಹೊಡೆಯೋರ ಕೆಲ್ಸ ಅಂತಾರೆ ಮೇಷ್ಟ್ರು. ಅವ್ರ ಮುಂದೆ ಹಂಗ್ ಹಿಡಿದ್ರೆ ಅಲ್ಲಿಗೆ ಮುಗೀತು ಸರೋಜಮ್ಮ."

ಮಹದೇವಣ್ಣ ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. "ಬುಟ್ಟೋಗಮ್ಮ. ಮಾಡ್ಕೊಡ್ತೀವಿ" ಎಂದರು.

ಸಾಂಬ್ರಾಣಿ ಹೊಗೆ ಬರೀ ಹೊಗೆಯಲ್ಲ, ಅದು ಅಂಟು. ಝೂಮ್ ಲೆನ್ಸನ್ನು ತಿರುಗಿಸಿದಾಗಲೆಲ್ಲ ಅದು ಗಾಳಿಯನ್ನು ಒಳಗೆಳೆದು ಹೊರಗೆ ಬಿಡುತ್ತದೆ, ಗಾಳಿಯ ಜೊತೆ ಹೊಗೆಯೂ ಒಳಗೆ ಹೋಗಿರುತ್ತದೆ. ಮಹದೇವಣ್ಣ ಲೆನ್ಸ್ ಬಿಚ್ಚಿದಾಗ ಒಳಗಡೆ ತುಪ್ಪದ ಬಣ್ಣದ ಜಿಡ್ಡು ಕೂತಿತ್ತು. ಅವರು ಅದನ್ನು ತೆಗೆದ ರೀತಿಯನ್ನು ಹುಡುಗಿಯರು ನೋಡಬೇಕಿತ್ತು. ಬಟ್ಟೆಗೆ ಸ್ಪಿರಿಟ್ ಮುಟ್ಟಿಸಿ, ಹಿಂಡಿ, ಆರಿಸಿ, ಇನ್ನೇನು ಪಸೆಯೇ ಇಲ್ಲ ಎನ್ನುವ ಹೊತ್ತಿಗೆ ಗಾಜಿಗೆ ತಾಗಿಸುತ್ತಿದ್ದರು. ಹಸುಗೂಸಿನ ಕಣ್ಣು ಒರೆಸಿದ ಹಾಗೆ. ಒಂದು ಸಲ ಒರೆಸಿದ ಬಟ್ಟೆಯ ಭಾಗ ಮತ್ತೆ ಗಾಜಿಗೆ ಹೋಗುವ ಮಾತೇ ಇಲ್ಲ. ನಾನು ಹಿಡಿಕೆಯ ರಬ್ಬರನ್ನು ಬಿಚ್ಚಿ ಅದರಡಿಯ ಹಳೆಯ ಗೋಂದು ಕೆರೆದೆ, ಕಣ್ಣಿಗೆ ತಾಗುವ ರಬ್ಬರಿನ ಬಳೆಯನ್ನು ಎಸೆದು ಹೊಸದು ಹಾಕಿದೆ. ಸಂದುಗಳಲ್ಲಿ ವಿಭೂತಿ, ಕುಂಕುಮ ಕೂತಿತ್ತು, ಅದನ್ನೆಲ್ಲ ಬ್ರಷ್ಷಿನಲ್ಲಿ ತೆಗೆದು ತುಳಸಿ ಕಟ್ಟೆಗೆ ಹಾಕಿದೆ. ಕಸಕ್ಕೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಆಮೇಲೆ ಎಲ್ಲವೂ ಇದ್ದಿಲಿನ ಡಬ್ಬಿಗೆ ಹೋಯಿತು.

ಡಬ್ಬಿಯಿಂದ ತೆಗೆದಾಗ ನನ್ನ ಮೂಗಿಗೆ ಏನೂ ಬರಲಿಲ್ಲ. "ಆಗೋಯ್ತು" ಎಂದೆ.

"ನಿನ್ ಮೂಗಿಗೆ ಆದ್ರೆ ಸಾಲ್ದು ಸರೋಜ, ಅವ್ಳ ಎದೆಗೆ ಆಗ್ಬೇಕು" ಎಂದು ಮಹದೇವಣ್ಣ ಪುಷ್ಪಳನ್ನು ಕರೆಸಿದರು. ಬಾಗಿಲಲ್ಲಿ ನಿಲ್ಲಿಸಿ, ರಸ್ತೆಯಲ್ಲಿ ಹೋಗುವ ಆಟೊ, ಹೂ ಮಾರುವವಳು, ಕರು, ಕಂಡದ್ದೆಲ್ಲ ತೆಗೆ ಎಂದರು. ಅವಳು ತೆಗೆದಳು. ತೆಗೆಯುತ್ತಲೇ ಹೋದಳು. ಎದೆ ಸುಯ್ ಎನ್ನಲಿಲ್ಲ. ಕ್ಯಾಮೆರಾ ಇಳಿಸಿದವಳು ನನ್ನನ್ನು ತಬ್ಬಿಕೊಂಡುಬಿಟ್ಟಳು. ನನಗಾದ ಖುಷಿ ಅಷ್ಟಿಷ್ಟಲ್ಲ, ಮಗಳು ಹೆತ್ತ ದಿನವೂ ಇಷ್ಟು ಹಗುರಾಗಿದ್ದೆನೋ ಇಲ್ಲವೋ.

ಆ ಖುಷಿ ಮೂರು ದಿನ ಬಾಳಲಿಲ್ಲ. ಪುಷ್ಪ ಮತ್ತೆ ಬಂದಳು. ಕ್ಯಾಮೆರಾ ಮೊದಲಿಗಿಂತ ಜೋರಾಗಿ ಸಾಂಬ್ರಾಣಿ ಹೊಡೆಯುತ್ತಿತ್ತು.

"ಮೇಷ್ಟ್ರಿಗೆ ತೋರ್ಸೋಕೆ ಹೋಗಿದ್ದೆ" ಎಂದು ತಲೆ ತಗ್ಗಿಸಿದಳು. "ಎಷ್ಟ್ ಚೆನ್ನಾಗಿ ಪಳಪಳ ಅಂತೈತೆ, ಹೊಸ್ದು ಬಂದಂಗೈತೆ, ಪೂಜೆ ಆಗ್ಲೇಬೇಕು ಅಂತ ಕೆಂಡ ತರಿಸ್ಬುಟ್ರು. ಒಂದು ಹಿಡಿ ಸಾಂಬ್ರಾಣಿ ಹಾಕಿದ್ರು."

ನನಗೆ ಮೈಯೆಲ್ಲ ಉರಿಯಿತು. "ನಿನ್ಗೆ ಬಾಯಿರ್ಲಿಲ್ವೇನೇ? ಉಬ್ಬಸ ಐತೆ, ಬೇಡ ಅನ್ನೋಕೆ ಏನಾಗಿತ್ತು ರೋಗ?"

"ಅವ್ರಿಗೆ ಗೊತ್ತಿಲ್ಲ" ಎಂದಳು. "ಇಷ್ಟ್ ವರ್ಷ ಹೇಳಿಲ್ಲ. ಧೂಪ ಹಾಕೋ ಹೊತ್ಗೆ ಟೀ ತರ್ತೀನಿ ಅಂತ ಆಚೆ ಹೋಗ್ಬುಡ್ತಿದ್ದೆ. ಮದ್ವೆ ಮನೆ ಅಂದ್ಮೇಲೆ ಹೊಗೆ ಇದ್ದೇ ಇರ್ತದೆ, ಉಬ್ಬಸದೋಳು ಈ ಕೆಲ್ಸಕ್ಕೆ ನಾಲಾಯಕ್ಕು ಅಂತಾರೆ. ಹೋಮದ ಹೊಗೆ ದೂರ ಇರ್ತದೆ, ಗಾಳಿ ನೋಡ್ಕೊಂಡು ನಿಂತ್ಕೋತೀನಿ. ಇದು ಮೂಗಿಗೇ ಅಂಟ್ಕೊಂಡಿರ್ತದಲ್ಲ."

ಮಹದೇವಣ್ಣ ಅವಳನ್ನೂ ಬೈಯಲಿಲ್ಲ, ಚಂದ್ರಪ್ಪನವರನ್ನೂ ಬೈಯಲಿಲ್ಲ. ಮತ್ತೆ ಸ್ಕ್ರೂಡ್ರೈವರ್ ತೆಗೆದು ಮೊದಲಿನಿಂದ ಶುರುಮಾಡಿದರು. ಮಾಡಿದ ಕೆಲಸವನ್ನೇ ಇನ್ನೊಂದು ಸಲ ಮಾಡುವಾಗಲೂ ಅವರ ಕೈ ಒರಟಾಗಲಿಲ್ಲ. ಅದನ್ನು ನೋಡಿ ನನ್ನ ಸಿಟ್ಟೂ ಇಳಿಯಿತು. ಎಲ್ಲ ಮುಗಿದ ಮೇಲೆ, "ಈ ಸಲ ನಾವೇ ಗುಬ್ಬಿಗೆ ತಗೊಂಡೋಗಿ ಕೊಡಾಣ" ಎಂದು, ಪುಷ್ಪಳಿಗೂ ಅಲ್ಲಿಗೇ ಬರಲು ಹೇಳಿದರು.

ಬಸ್ಸಿನಲ್ಲಿ ನಾನು ಚಂದ್ರಪ್ಪನವರಿಗೆ ಹೇಳಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಲೆನ್ಸು ಹಾಳಾಗುತ್ತದೆ, ಗಾಜು ಮಂಕಾಗುತ್ತದೆ, ಬುದ್ಧಿ ಬೇಡವೇ, ಹೀಗೆ. ಸ್ಟುಡಿಯೊದೊಳಗೆ ಹೋದರೆ ಬಿಳಿ ಪಂಚೆಯ ಆ ಹಿರಿಯರು ಎದ್ದು ನಿಂತು ಕೈಮುಗಿದು, ಕುರ್ಚಿಯನ್ನು ಟವಲಿನಿಂದ ಒರೆಸಿ ಕೂರಿಸಿದರು. ಗೋಡೆ ತುಂಬ ಅವರು ತೆಗೆದ ಮದುವೆಗಳು. ಒಂದೊಂದರಲ್ಲೂ ಹೆಣ್ಣಿನ ಮುಖ ಇನ್ನೇನು ಮಾತಾಡುತ್ತದೇನೋ ಎನ್ನುವ ಹಾಗಿತ್ತು. ನಾನು ಜೋಡಿಸಿಕೊಂಡಿದ್ದ ಮಾತು ಅಲ್ಲೇ ಚೆಲ್ಲಿಹೋಯಿತು.

"ಇಷ್ಟ್ ವರ್ಷ ದುಡಿಸಿದ್ರೂ ಮೈಮೇಲೆ ಒಂದು ಗೀರಿಲ್ಲ. ಹಿಂಗೆ ನೋಡ್ಕೊಂಡಿರೋ ಕ್ಯಾಮೆರಾ ನಮ್ಮಂಗ್ಡಿಗೆ ಬಂದೇ ಇಲ್ಲ" ಎಂದರು ಮಹದೇವಣ್ಣ. ಮುಖಸ್ತುತಿಯಲ್ಲ, ನಿಜವೇ.

"ಅನ್ನ ಕೊಟ್ಟೈತೆ ಸ್ವಾಮಿ" ಎಂದು ಚಂದ್ರಪ್ಪನವರು ಒಳಗಿನಿಂದ ಧೂಪದ ಬಟ್ಟಲನ್ನು ತಂದೇಬಿಟ್ಟರು. ಕೆಂಡ ಕೆಂಪಗಿತ್ತು. "ಕೊಡಿ, ಒಂದು ಹೊಗೆ ತೋರ್ಸಿ ಮಗೂ ಕೈಗೆ ಕೊಡ್ತೀನಿ. ಧೂಪ ಇಲ್ದೆ ಯಾವತ್ತೂ ಆಚೆ ಕಳ್ಸಿಲ್ಲ. ಅದ್ಕೇ ಒಂದು ಮದ್ವೇಲೂ ಕೈ ಕೊಟ್ಟಿಲ್ಲ ಇದು."

ಮಹದೇವಣ್ಣ ಕ್ಯಾಮೆರಾವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತರು. "ಅದಕ್ ಮುಂಚೆ ಪುಷ್ಪ ನಿಮ್ಗೇನೋ ಹೇಳ್ಬೇಕಂತೆ ಚಂದ್ರಪ್ಪನೋರೇ. ಅದೊಂದು ಕೇಳ್ಬುಡಿ" ಎಂದರು. ತಾವು ಹೇಳಿದ್ದರೆ ಒಂದು ಗಳಿಗೆಯ ಮಾತು. ಆದರೆ ಅವಳ ಮಾತನ್ನು ಅವಳಿಗೇ ಬಿಟ್ಟರು. ಅವರ ದೊಡ್ಡತನ ನನಗೆ ತಿಳಿದದ್ದು ಆಗ.

ಪುಷ್ಪ ಬಾಗಿಲಿಗೆ ಒರಗಿ ನಿಂತಿದ್ದಳು. "ಮೇಷ್ಟ್ರೇ, ನಂಗೆ ಉಬ್ಬಸ ಐತೆ. ಚಿಕ್ಕೋಳಿದ್ದಾಗಿಂದ್ಲೂ. ಈ ಹೊಗೆ ಕ್ಯಾಮೆರಾಗೆ ಹಿಡಿದ್ರೆ ನಂಗೆ ಉಸ್ರಾಡೋಕಾಗಲ್ಲ. ನೀವು ಬೇಡ ಅಂದ್ಬುಡ್ತೀರಿ ಅಂತ ಹೇಳ್ಲಿಲ್ಲ."

ಚಂದ್ರಪ್ಪನವರು ಅವಳನ್ನೇ ನೋಡಿದರು. ಪೊರೆ ಬಂದ ಕಣ್ಣಿಗೆ ಅವಳ ಮುಖ ಎಷ್ಟು ಕಂಡಿತೋ. ಆಮೇಲೆ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದವರು ಬರಿಗೈಯಲ್ಲಿ ವಾಪಸ್ ಬಂದರು. "ಬಿಸ್ಲು ಏರ್ತದೆ, ಹೊರಡಿ" ಎಂದಷ್ಟೇ ಅಂದರು. ಮಹದೇವಣ್ಣ ಕ್ಯಾಮೆರಾವನ್ನು ಅವರ ಮೇಜಿನ ಮೇಲಿಟ್ಟು ಎದ್ದರು. ಪುಷ್ಪಳಿಗೆ ಆ ದಿನವೂ, ಮಾರನೆಯ ದಿನವೂ ಒಂದು ಮಾತು ಆಡಲಿಲ್ಲವಂತೆ. ತಂಗಿಯ ಮಗ ಸ್ಟುಡಿಯೊಗೆ ಬಂದು ಹೋದ ಎಂದು ಅವಳು ಫೋನಿನಲ್ಲಿ ಹೇಳಿದಾಗ ನಾನು ಫೋನ್ ಹಿಡಿದುಕೊಂಡೇ ಮಹದೇವಣ್ಣನ ಹತ್ತಿರ ಓಡಿದೆ.

ಮದುವೆಯ ದಿನ ಮಹದೇವಣ್ಣ ಅಂಗಡಿಗೆ ಬೀಗ ಹಾಕಿ, ಒಂದು ಒಳ್ಳೆಯ ಕ್ಯಾಮೆರಾವನ್ನು ಡಬ್ಬಿಯಲ್ಲಿಟ್ಟುಕೊಂಡು, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕೈಗೊಂದು ಇರ್ಲಿ" ಎಂದು ನನ್ನನ್ನೂ ಕುಣಿಗಲ್ಲಿಗೆ ಹೊರಡಿಸಿದರು. ನಮ್ಮನ್ನು ಯಾರೂ ಕರೆದಿರಲಿಲ್ಲ. ಹೆಣ್ಣಿನವರು ಗಂಡಿನ ಕಡೆಯವರು ಅಂದುಕೊಂಡರು, ಗಂಡಿನವರು ಹೆಣ್ಣಿನ ಕಡೆಯವರು ಅಂದುಕೊಂಡರು, ತಿಂಡಿ ಎಲ್ಲರೂ ಬಲವಂತ ಮಾಡಿ ಹಾಕಿದರು. ಛತ್ರದ ಮೊದಲ ಸಾಲಿನಲ್ಲಿ ಚಂದ್ರಪ್ಪನವರು ಕೂತಿದ್ದರು. ವೇದಿಕೆಯ ಮೇಲೆ ಪುಷ್ಪ. ಕ್ಯಾಮೆರಾ ಅವಳ ಕೈಯಲ್ಲೇ ಇತ್ತು. ಧೂಪ ಹಾಕದೆ ಕೊಟ್ಟಿದ್ದರು, ಮಾತು ಮಾತ್ರ ಇನ್ನೂ ಆಡಿರಲಿಲ್ಲ.

ಎಲ್ಲ ಚೆನ್ನಾಗೇ ನಡೆಯಿತು, ಮುಹೂರ್ತದ ತನಕ. ಹೋಮ ಶುರುವಾದಾಗ ಪುರೋಹಿತರು ಬೆಂಕಿ ಹಾರಬಾರದೆಂದು ಫ್ಯಾನು ನಿಲ್ಲಿಸಿದರು. ತುಪ್ಪ ಬಿದ್ದಂತೆ ಹೊಗೆ ಎದ್ದು ನೇರ ಪುಷ್ಪಳ ಕಡೆಗೇ ನುಗ್ಗಿತು. ಬೇರೆ ಕಡೆ ಸರಿದರೆ ತಾಳಿ ಕಟ್ಟುವ ಕೈ ಕಾಣುವುದಿಲ್ಲ, ಸುತ್ತಲೂ ನೆಂಟರು ಮುತ್ತಿಕೊಂಡಿದ್ದರು. ಅವಳ ಭುಜ ಮೇಲೆದ್ದದ್ದು ಹಿಂದಿನ ಸಾಲಿನಿಂದಲೇ ನನಗೆ ಕಂಡಿತು. ಮಹದೇವಣ್ಣನ ಕೈ ಡಬ್ಬಿಯ ಮುಚ್ಚಳದ ಮೇಲಿತ್ತು, ಆದರೆ ಇನ್ನೊಂದು ಕ್ಯಾಮೆರಾ ಇದ್ದು ಏನು ಮಾಡೀತು? ಇಷ್ಟೆಲ್ಲ ಮಾಡಿ ಇಲ್ಲಿ ಮುಳುಗಿತಲ್ಲಪ್ಪ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಚಂದ್ರಪ್ಪನವರು ಕುರ್ಚಿಯಲ್ಲಿರಲಿಲ್ಲ. ತಡವರಿಸಿಕೊಂಡು ವೇದಿಕೆ ಹತ್ತಿ, ಹೋಮಕುಂಡಕ್ಕೂ ಪುಷ್ಪಳಿಗೂ ನಡುವೆ ಕ್ಯಾಮೆರಾಗೆ ಅಡ್ಡ ಬರದ ಹಾಗೆ ಬಗ್ಗಿ ನಿಂತು, ಹೆಗಲ ಮೇಲಿನ ಟವಲನ್ನು ಬಿಚ್ಚಿ ಬೀಸುತ್ತಿದ್ದರು. ಹೊಗೆ ತಿರುಗಿ ಗಂಡಿನ ಕಡೆಯವರ ಮುಖಕ್ಕೆ ಹೊಡೆಯಿತು. ಅವರಲ್ಲೊಬ್ಬ ಹಿರಿಯರು ಕಣ್ಣುಜ್ಜಿಕೊಂಡು, "ಏನ್ ಸ್ವಾಮಿ ಇದು, ಹೋಮದ ಹೊಗೇನ ಓಡಿಸ್ತಿದೀರಲ್ಲ, ಅದು ಮಂಗಳ ಅಲ್ವೇ?" ಎಂದು ರೇಗಿದರು.

"ಅದ್ಕೇ ನಿಮ್ ಕಡೇಗೆ ಕಳಿಸ್ತಿದೀನಿ, ತಗಳಿ" ಎಂದರು ಚಂದ್ರಪ್ಪನವರು, ಕೈ ನಿಲ್ಲಿಸದೆ. "ನಮ್ಮ ಫೋಟೊಗ್ರಾಫರ್‌ಗೆ ಉಬ್ಬಸ ಐತೆ."

ಗಟ್ಟಿಮೇಳ ಮೊಳಗಿತು. ಪುಷ್ಪ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಲಿಲ್ಲ.